ಶಕುನಿಯ ಕಣ್ಣು, ಇಳಕಲ್ಲಿನ ಸೆರಗು

ಬಾದಾಮಿಯ ಕೆಂಬಂಡೆಗಳ ಮೇಲೆ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ್ದು ಕ್ರಿ.ಶ. 543ರಲ್ಲಿ. ಅದನ್ನೂ, ಅಗಸ್ತ್ಯತೀರ್ಥದ ಮೇಲಣ ಗುಹೆಗಳನ್ನೂ ಕಾಣಲು ಬರುವ ಪ್ರವಾಸಿಗ ದೀಪಾವಳಿಯ ದಿನಗಳಲ್ಲಿ ಬಂದನಾದರೆ, ಈ ಸೀಮೆಯ ಇನ್ನೊಂದು ನೋಟವೂ ಅವನ ಕಣ್ಣಿಗೆ ಬಿದ್ದೀತು: ಮರದ ನೆರಳಿನಲ್ಲಿ ಕಂಬಳಿ ಹಾಸಿ ಕುಳಿತ ಇಸ್ಪೀಟಿನ ಮಂದಿ. ಹಬ್ಬವೇ ಇದಕ್ಕೆ ನೆಪ. ಬಲಿಪಾಡ್ಯಮಿಗೆ ದ್ಯೂತಪ್ರತಿಪದೆ ಎಂಬ ಹೆಸರೂ ಉಂಟಷ್ಟೆ. ಶಿವಪಾರ್ವತಿಯರೇ ಪಗಡೆಯಾಡಿದರೆಂಬ ಕಥೆಯನ್ನು ಎಲ್ಲೋರದ ಶಿಲ್ಪಿಗಳು ಕಲ್ಲಿನಲ್ಲಿ ಕಂಡರಿಸಿದ್ದಾರೆ.

ಆದರೆ ಮನುಷ್ಯರ ಆಟಕ್ಕೆ ಮಾದರಿ ಶಿವನಲ್ಲ, ಶಕುನಿ. ಇದೇ ಜಿಲ್ಲೆಯ ಮುಧೋಳದ ಕವಿ ರನ್ನ ಹಾಡಿದ ಗದಾಯುದ್ಧದ ಕಿಚ್ಚು ಹೊತ್ತಿದ್ದೂ ಜೂಜಿನ ಸಭೆಯಲ್ಲಿಯೇ. ಧರ್ಮರಾಯನಿಗೆ ಪಗಡೆಯ ಮೋಹವುಂಟು, ಆಟ ಬಾರದು. ಇದನ್ನರಿತ ದಿನವೇ ಶಕುನಿ ಗೆದ್ದಿದ್ದ. ದಾಳ ಉರುಳಿದ್ದು ಆಮೇಲಿನ ಮಾತು.

ಬಾದಾಮಿಯಿಂದ ಮೂಡಲಿಗೆ ಹೊರಟರೆ ಹುನಗುಂದದ ಎರೆನೆಲ. ಜೋಳ, ಕಡಲೆ ಮಾರಿದ ಹಣ ರೈತನ ಕಿಸೆಗಿಳಿಯುವ ಕಾಲ ಜಾಣ ಆಟಗಾರನಿಗೆ ಸುಗ್ಗಿ. ಅವನು ಎಲೆ ಹಿಡಿಯುವ ಮೊದಲು ಮುಖಗಳನ್ನು ಓದುತ್ತಾನೆ. ತನ್ನಂಥ ನುರಿತವರು ಕುಳಿತಲ್ಲಿ ಅವನು ನಿಲ್ಲುವುದಿಲ್ಲ. ಸೋತೊಡನೆ ಪಣ ಇಮ್ಮಡಿಸುವವನು, ಎಂಥ ಎಲೆ ಬಂದರೂ ಕೈಬಿಡದವನು, ಕುಡಿದವನು ಎಲ್ಲಿರುವರೋ ಅಲ್ಲಿ ಕೂಡುತ್ತಾನೆ. ಮೂರೆಲೆಯ ಆಟದಲ್ಲಿ 52 ಎಲೆಗಳಿಂದ 22,100 ಬಗೆಯ ಕೈಗಳು ಹುಟ್ಟುತ್ತವೆ. ಮೂರೂ ಒಂದೇ ಬಗೆಯವಾದ ಕೈಗಳು ಅವುಗಳಲ್ಲಿ 52 ಮಾತ್ರ. 425 ಸಲಕ್ಕೊಮ್ಮೆ ಒದಗುವ ಆ ಭಾಗ್ಯವನ್ನು ಅಮಾಯಕನು ಪ್ರತಿಸಲವೂ ನಿರೀಕ್ಷಿಸುತ್ತಾನೆ. ಜಾಣನ ಲಾಭವೆಲ್ಲ ಆ ನಿರೀಕ್ಷೆಯಿಂದಲೇ.

ಅಂದರ್-ಬಾಹರಿನಲ್ಲಿ ಈ ಜಾಣತನಕ್ಕೂ ಎಡೆಯಿಲ್ಲ. ಎರಡು ಕಡೆಗೂ ಗೆಲುವಿನ ಸಾಧ್ಯತೆ ಹೆಚ್ಚುಕಡಿಮೆ ಸಮ. ಪ್ರತಿ ಆಟಕ್ಕೂ ಆಡಿಸುವವನು ತನ್ನ ಪಾಲು ಮುರಿದುಕೊಂಡರೆ, ದಿನ ಕಳೆದಂತೆ ಎರಡು ಕಡೆಯವರೂ ಸೋತು ಅವನೊಬ್ಬನೇ ಗೆಲ್ಲುತ್ತಾನೆ.

ಹುನಗುಂದ ದಾಟಿದರೆ ಇಳಕಲ್. ಅಲ್ಲಿ ಸೀರೆಯ ಒಡಲನ್ನೂ ರೇಷ್ಮೆಯ ಸೆರಗನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ದಿನಗಟ್ಟಲೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಗಳಿಸಿದ ಕೂಲಿ ಕಂಬಳಿಯ ಮೇಲೆ ಒಂದು ಗಳಿಗೆಯಲ್ಲಿ ಕರಗಬಲ್ಲದು. ಚಿಕ್ಕ ಊರಿನಲ್ಲಿ ದುರ್ಬಲ ಎದುರಾಳಿ ಎಂದರೆ ಬೇರೆ ಯಾರು? ನೆರೆಮನೆಯವನೇ. ಅವನು ಸೋತದ್ದು ಅವನ ಹೆಂಡತಿಯ ಹಬ್ಬದ ಸೀರೆ, ಮಕ್ಕಳ ಪುಸ್ತಕ.

ಬಾಗಲಕೋಟೆಗೆ ಮರಳಿದರೆ ಈ ಮಾತು ಇನ್ನಷ್ಟು ನಾಟುತ್ತದೆ. ಆಲಮಟ್ಟಿಯ ಹಿನ್ನೀರು ಹಳೆಯ ಪಟ್ಟಣದ ಕೇರಿಗಳನ್ನು ನುಂಗಿತು. ಜನ ನವನಗರಕ್ಕೆ ಬಂದರು. ಮುಳುಗಿದ ಮನೆಗೆ ಬದಲಾಗಿ ಬಂದ ಪರಿಹಾರದ ಹಣ ಒಮ್ಮೆ ಕೈತಪ್ಪಿದರೆ ಮತ್ತೆ ಬಾರದು. ಜೂಜುಕಟ್ಟೆಗಳನ್ನು 1963ರ ಕರ್ನಾಟಕ ಪೊಲೀಸ್ ಕಾಯಿದೆ ತಡೆಯುತ್ತದೆ. ಮೊಬೈಲಿನ ಹಣದಾಟಗಳನ್ನು, ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ, 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯಿದೆ ನಿಷೇಧಿಸಿತು. ಕಾಯಿದೆಯ ಕೈ ಎಲ್ಲ ಕಂಬಳಿಗಳಿಗೂ ಎಟುಕದು. ಗುರುತಿಲ್ಲದ ಆಟಗಾರನೊಬ್ಬ ನಗುತ್ತ ಪಕ್ಕದಲ್ಲಿ ಜಾಗ ಮಾಡಿಕೊಟ್ಟರೆ, ಕೂಡುವ ಮುನ್ನ ಧರ್ಮರಾಯನನ್ನು ನೆನೆಯುವುದು ಲೇಸು.