ಎಲ್ಲರೂ ಮಲಗಿದರೆ ಬೆಳಗು

ಸ್ಕ್ರೀನ್ ತಿಳಿಯಾಗುವ ಹೊತ್ತಿಗೆ ಕಾಲಡಿ ಹುಲ್ಲಿದೆ. ಚೌಕ ಹುಲ್ಲು, ಚೌಕ ಮೋಡ, ನೆತ್ತಿಯಿಂದ ತುಸು ಜಾರಿದ ಚೌಕ ಸೂರ್ಯ. ಇದು ಮೈನ್‌ಕ್ರಾಫ್ಟ್. ಗೆಳೆಯರ ಗುಂಪೊಂದು ನಡೆಸುವ ಸರ್ವರ್‌ಗೆ ನೀವು ಈಗಷ್ಟೇ ಬಂದಿಳಿದಿದ್ದೀರಿ. ಹೊಸಬರೆಲ್ಲ ಮೊದಲು ಮಾಡುವುದನ್ನೇ ನೀವೂ ಮಾಡುತ್ತೀರಿ, ನೆಲ ಅಗೆಯುತ್ತೀರಿ. ಒಂದು ಬ್ಲಾಕ್ ಮಣ್ಣು ಒಡೆದು ಗುಂಡಿ ಬೀಳುತ್ತದೆ. ಮರುಕ್ಷಣ ಅದೇ ಮಣ್ಣು ಅದೇ ಜಾಗದಲ್ಲಿ ಬಂದು ಕೂರುತ್ತದೆ.

ನೀವು ಅಗೆದದ್ದನ್ನು ನಿಮ್ಮ ಕಂಪ್ಯೂಟರ್ ನಂಬಿತ್ತು, ಸರ್ವರ್ ಒಪ್ಪಲಿಲ್ಲ. ಆಟಗಾರರು ಬಂದಿಳಿಯುವ ತಾಣದ ಸುತ್ತ 33ಕ್ಕೆ 33 ಬ್ಲಾಕ್‌ಗಳ ಚೌಕವನ್ನು ಸರ್ವರ್ ನಡೆಸುವವರ ಹೊರತು ಬೇರೆ ಯಾರೂ ಕೆಡಿಸುವಂತಿಲ್ಲ. ಊರಿನ ಅರಳಿಕಟ್ಟೆಯಂತೆ ಅದು ಎಲ್ಲರದು, ಆದ್ದರಿಂದ ಯಾರೂ ಅದರ ಕಲ್ಲು ಕೀಳಬಾರದು. ಹಲವರು ಕೂಡಿ ಕಟ್ಟುವ ಆಟವನ್ನು ರೂಪಿಸಲು ಕೂತವರಿಗೆ ಎದುರಾಗುವ ಮೊದಲ ಪ್ರಶ್ನೆ ಇದೇ: ಏನು ನಡೆಯಿತು ಎಂದು ತೀರ್ಮಾನಿಸುವವರು ಯಾರು? ಇಲ್ಲಿ ಸರ್ವರ್. ಅದು ಸೆಕೆಂಡಿಗೆ 20 ಸಲ ಈ ಲೋಕವನ್ನು ಮುಂದಕ್ಕೆ ನಡೆಸುತ್ತದೆ. ಒಂದೊಂದು ಹೆಜ್ಜೆಗೂ ಟಿಕ್ ಎಂದು ಹೆಸರು, ಅದಕ್ಕಿರುವ ಸಮಯ 50 ಮಿಲಿಸೆಕೆಂಡ್. ಅಷ್ಟರಲ್ಲಿ ನೀರು ಹರಿಯಬೇಕು, ಗೋಧಿ ಬೆಳೆಯಬೇಕು, ಕುರಿ ಅತ್ತಿತ್ತ ಓಡಾಡಬೇಕು, ಎಲ್ಲರ ಕೈಕೆಲಸವೂ ಲೆಕ್ಕಕ್ಕೆ ಬರಬೇಕು. ಇಬ್ಬರು ಒಂದೇ ವಜ್ರದ ಅದಿರಿಗೆ ಪಿಕಾಸಿ ಹಾಕಿದರೆ, ಯಾರ ಏಟಿನ ಸುದ್ದಿ ಮೊದಲು ಸರ್ವರ್ ತಲುಪಿತೋ ಅವರೇ ಒಡೆದಂತೆ. ಕೆಲಸ ಮಿತಿಮೀರಿದರೆ ಲೋಕವೇ ನಿಧಾನವಾಗುತ್ತದೆ. ಸೂರ್ಯನೂ ತಡವಾಗಿ ಮುಳುಗುತ್ತಾನೆ.

ಚೌಕ ದಾಟಿ ನಡೆಯುತ್ತೀರಿ. ಎಡಕ್ಕೆ ಯಾರದೋ ಮರದ ಮನೆ, ಬಾಗಿಲು ತೆರೆದಿದೆ. ಒಳಗೆ ಪೆಟ್ಟಿಗೆ. ಮುಟ್ಟಿದರೆ ಅದೂ ತೆರೆದುಕೊಳ್ಳುತ್ತದೆ: ಕಬ್ಬಿಣದ ಗಟ್ಟಿಗಳು, ಬ್ರೆಡ್ಡು, ಕಲ್ಲಿದ್ದಲು. ಮೂಲ ಆಟದಲ್ಲಿ ಆಟಗಾರ ಹಾಕಬಹುದಾದ ಬೀಗವಿಲ್ಲ, ಇಟ್ಟ ಬ್ಲಾಕ್‌ಗೆ ಒಡೆಯನಿಲ್ಲ. 2009ರ ಮೇ ತಿಂಗಳಲ್ಲಿ ಸ್ಟಾಕ್‌ಹೋಮ್‌ನ ಮಾರ್ಕಸ್ ಪರ್ಸನ್ ಈ ಆಟದ ಮೊದಲ ರೂಪವನ್ನು ಹೊರಬಿಟ್ಟು, ಕೆಲವೇ ವಾರಗಳಲ್ಲಿ ಹಲವರು ಒಟ್ಟಿಗೆ ಆಡಲು ಬಿಟ್ಟಾಗಿನಿಂದ ಇದು ಹೀಗೇ ಇದೆ. ಪೆಟ್ಟಿಗೆಯ ಮುಂದೆ ನೀವು ನಿಂತ ಈ ಗಳಿಗೆಗಿಂತ ಮುಖ್ಯವಾದದ್ದು ಇಂಥ ಆಟದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಕದಿಯಲು ಸಾಧ್ಯವಿರುವ ಕಡೆ ಮಾತ್ರ ಕದಿಯದಿರುವುದಕ್ಕೆ ಬೆಲೆ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. 2010ರ ಕೊನೆಯಿಂದ ನಡೆಯುತ್ತಿರುವ ‘2ಬಿ2ಟಿ’ ಸರ್ವರ್‌ನಲ್ಲಿ ಕಾವಲೂ ಇಲ್ಲ, ಕಟ್ಟಳೆಯೂ ಇಲ್ಲ. ಅಲ್ಲಿ ಇಳಿದರೆ ಕಾಲಡಿ ಹುಲ್ಲು ಸಿಗದು. ಸ್ಫೋಟದ ಹಳ್ಳಗಳು, ಹೆಪ್ಪುಗಟ್ಟಿದ ಲಾವಾದ ದಿಬ್ಬಗಳು, ಅರ್ಧಕ್ಕೆ ನಿಂತ ಗೋಡೆಗಳು. ಬದುಕಬೇಕಾದರೆ ಸಾವಿರಾರು ಬ್ಲಾಕ್ ದೂರ ಓಡಬೇಕು, ಕಟ್ಟಿದ್ದನ್ನು ಗುಟ್ಟಾಗಿಡಬೇಕು. ಅಲ್ಲಿಯೂ ಜನ ಅದ್ಭುತಗಳನ್ನು ಕಟ್ಟಿದ್ದಾರೆ, ಆದರೆ ನೆರೆಹೊರೆಗೆ ಹೆದರಿಕೊಂಡು. ಬೇರೆ ಸರ್ವರ್‌ಗಳು ಆಟಕ್ಕೆ ಹೊಸ ನಿಯಮ ಸೇರಿಸುವ ಪ್ಲಗಿನ್‌ಗಳ ಮೊರೆಹೋದವು. ಒಂದರಲ್ಲಿ ಚಿನ್ನದ ಸಲಿಕೆ ಹಿಡಿದು ಎರಡು ಮೂಲೆ ಗುರುತಿಸಿದರೆ ನಡುವಿನ ನೆಲ ನಿಮ್ಮದು. ನೀವು ಬಂದಿರುವ ಸರ್ವರ್‌ನವರು ಸಲಿಕೆ ಬೇಡವೆಂದು, ಯಾರು ಯಾವಾಗ ಏನು ಒಡೆದರೆಂದು ಬರೆದಿಡುವ ಕೋರ್‌ಪ್ರೊಟೆಕ್ಟ್ ಎಂಬ ಪ್ಲಗಿನ್ ಒಂದನ್ನೇ ಇಟ್ಟುಕೊಂಡಿದ್ದಾರೆ. ನನಗೆ ಅದೇ ಸರಿ ಅನ್ನಿಸುತ್ತದೆ.

ಪೆಟ್ಟಿಗೆ ಮುಚ್ಚಿ ಹೊರಬಂದು, ದಿಬ್ಬದ ಕೆಳಗೆ ಕಲ್ಲು ಪೇರಿಸುತ್ತೀರಿ. ನಾಲ್ಕು ಗೋಡೆ ಎದ್ದು ಮಾಡು ಮುಚ್ಚುವಷ್ಟರಲ್ಲಿ ಕತ್ತಲು. ಆಟದ ಒಂದು ದಿನಕ್ಕೆ 20 ನಿಮಿಷ. ಹೊರಗೆ ಜೊಂಬಿಗಳು ನರಳುತ್ತಿವೆ, ಬಳಿ ಬಂದು ಸಿಡಿಯುವ ಕ್ರೀಪರ್‌ಗಳು ಸುಳಿದಾಡುತ್ತಿವೆ. ಚಾಟ್‌ನಲ್ಲಿ ಸಾಲುಗಳು ಮೂಡುತ್ತವೆ.

“ಎಲ್ರೂ ಮಲ್ಕೊಳ್ಳಿ.”

“ಒಂದ್ನಿಮಿಷ ಅಕ್ಕ, ಗಣೀಲಿದೀನಿ.”

“ಬೇಗ ಕಣೋ, ಬಾಗ್ಲಲ್ಲೇ ಕ್ರೀಪರ್ ನಿಂತಿದೆ.”

ಇಷ್ಟು ಆಟಗಳನ್ನು ನೋಡಿದ್ದೇನೆ, ಈ ಹಾಸಿಗೆಯ ನಿಯಮದಷ್ಟು ಚೆಲುವಾದದ್ದು ಕಂಡಿಲ್ಲ. 2011ರಲ್ಲಿ ಹಾಸಿಗೆ ಬಂತು. ಒಬ್ಬರೇ ಆಡುವಾಗ ಮಲಗಿದರೆ ರಾತ್ರಿ ಕಳೆಯುತ್ತದೆ, ಅಷ್ಟೇ. ಹಲವರಿದ್ದಾಗ, ಈ ಲೋಕದಲ್ಲಿರುವ ಎಲ್ಲರೂ ಮಲಗಿದರೆ ಮಾತ್ರ ಬೆಳಗಾಗುತ್ತದೆ. ಪಾತಾಳದಲ್ಲಿ ಅದಿರು ಹುಡುಕುವವನೂ ನಿಮ್ಮ ಬೆಳಗಿಗೆ ಬೇಕು. ಅವನಿಗಾಗಿ ಕಾಯಬೇಕು, ಗದರಬೇಕು, ಪುಸಲಾಯಿಸಬೇಕು. ನೂರಾರು ಜನರಿರುವ ಕಡೆ ಇದು ನಡೆಯದು. ಹಾಗಾಗಿ 2021ರಲ್ಲಿ ಶೇಕಡಾ ಎಷ್ಟು ಜನ ಮಲಗಿದರೆ ಸಾಕೆಂದು ಸರ್ವರ್‌ನವರೇ ಗೊತ್ತುಮಾಡುವ ಅವಕಾಶ ಕೊಟ್ಟರು. ಗೊತ್ತುಮಾಡದಿದ್ದರೆ ಈಗಲೂ ನೂರಕ್ಕೆ ನೂರು. ಚಿಕ್ಕ ಗುಂಪುಗಳು ಅದನ್ನು ಬದಲಿಸಬಾರದು.

ಸ್ಕ್ರೀನಿನಡಿ ಅಂಕಿ ಮೂಡುತ್ತದೆ: ನಾಲ್ವರಲ್ಲಿ ಮೂವರು ಮಲಗಿದ್ದಾರೆ. ನೀವು ಕಾಯುತ್ತೀರಿ. ಹುಡುಗ ಗಣಿಯಲ್ಲೇ ಹಾಸಿಗೆ ಹಾಸಿರಬೇಕು, ಅಂಕಿ ತುಂಬುತ್ತದೆ, ಸೂರ್ಯ ಬರುತ್ತಾನೆ.

ಬೆಳಿಗ್ಗೆ ಮರ ಕಡಿಯಲು ಉತ್ತರಕ್ಕೆ, ಇನ್ನೂ ಯಾರೂ ಹೋಗದ ಕಡೆಗೆ ಹೊರಡುತ್ತೀರಿ. ಎದುರಿನ ಗುಡ್ಡ ಈವರೆಗೆ ಇರಲೇ ಇಲ್ಲ. 16ಕ್ಕೆ 16 ಅಳತೆಯ ಚಂಕ್‌ಗಳಾಗಿ ನೆಲ ಹುಟ್ಟುತ್ತಿದೆ. ‘ಟ್ರಾನ್’ ಸಿನಿಮಾಕ್ಕೆ ದುಡಿದ ಕೆನ್ ಪರ್ಲಿನ್, ಕಂಪ್ಯೂಟರ್ ಚಿತ್ರಗಳ ಯಾಂತ್ರಿಕ ನುಣುಪು ಸಾಕಾಗಿ 1980ರ ದಶಕದಲ್ಲಿ ಕಂಡುಹಿಡಿದ ಗಣಿತ ಈ ಏರಿಳಿತಗಳ ಹಿಂದಿದೆ. ಗುಡ್ಡ ಸೊಗಸಾಗಿದೆ. ಆದರೂ ನೀವು ಬೇಗ ಹಿಂತಿರುಗುತ್ತೀರಿ, ಮನೆ ಅರ್ಧವಾಗಿದೆ.

ಮನೆಯ ಪೂರ್ವದ ಗೋಡೆಯಲ್ಲಿ ಆಳೆತ್ತರದ ತೂತು. ತೂತಿನೊಳಗೆ ರೈಲುಹಳಿ ನುಗ್ಗಿ ನಡುಮನೆಯಲ್ಲಿ ನಿಂತಿದೆ. ಕೇಳಿದರೆ ಸರ್ವರ್ ನಡೆಸುವವರು ಕೋರ್‌ಪ್ರೊಟೆಕ್ಟ್‌ನ ಲಾಗ್ ತೆಗೆದು ಹೆಸರು, ಹೊತ್ತು ಎರಡನ್ನೂ ಕೊಡುತ್ತಾರೆ. ಒಂದು ಆದೇಶದಲ್ಲಿ ಗೋಡೆಯನ್ನು ಮೊದಲಿನಂತೆ ಮಾಡಿಕೊಡಲೂಬಲ್ಲರು. ಯಾಕೆ ಒಡೆದರು ಎಂಬುದು ಲಾಗ್‌ನಲ್ಲಿ ಇರುವುದಿಲ್ಲ. ಅದಕ್ಕೆ ನೀವೇ ಚಾಟ್ ತೆರೆಯಬೇಕು.

“ನನ್ನ ಗೋಡೆ ಯಾಕೆ ಒಡೆದ್ರಿ?”

“ಅಯ್ಯೋ, ನಿಮ್ದಾ? ಗಣಿಯಿಂದ ಹೊಳೆಗೆ ಹಳಿ ಎಳೀತಿದ್ದೆ. ಮೊನ್ನೆ ಗುರುತು ಮಾಡ್ದಾಗ ಇಲ್ಲಿ ಮನೆ ಇರ್ಲಿಲ್ಲ. ತೆಗೀಲಾ?”

ಹಳಿ ಹೊರಗಡೆ ಬಳಸಿ ಹೋದರೆ ದಿಬ್ಬ ಕೊರೆಯಬೇಕು. ಮನೆಯೊಳಗಿಂದ ಹೋದರೆ ಹೊಳೆಗೆ ನೇರ ದಾರಿ.

“ಬೇಡ ಬಿಡಿ. ಇಲ್ಲೇ ಸ್ಟೇಷನ್ ಮಾಡೋಣ. ನಾನು ಮಹಡಿ ಮೇಲೆ ಇರ್ತೀನಿ.”

ಹಳಿಗೆ ಕಬ್ಬಿಣ ಸಾಲದು. ಮರದ ಮನೆಯ ಪೆಟ್ಟಿಗೆಯಲ್ಲಿ ಇದೆಯಲ್ಲ, ಅಕ್ಕನನ್ನು ಕೇಳಿ ತಗೊಳ್ಳಿ ಎಂದು ಗಣಿಯ ಹುಡುಗ ಬರೆಯುತ್ತಾನೆ.