ಮಂಡ್ಯದ ಸೀಮೆಯಲ್ಲಿ ಮುದ್ದೆ ಮತ್ತು ಅನ್ನ

ಬೆಂಗಳೂರಿನಿಂದ ಮೈಸೂರಿನತ್ತ ಹೊರಟ ಪಯಣಿಗನ ಕಣ್ಣನ್ನು ಮದ್ದೂರು ದಾಟಿದ ಮೇಲೆ ಬತ್ತದ ಗದ್ದೆಗಳೂ ಕಬ್ಬಿನ ತೋಟಗಳೂ ತುಂಬುತ್ತವೆ. ಈ ಹಸುರು ಬಹು ಪುರಾತನವಾದುದಲ್ಲ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರು ನಾಲೆಗಳಲ್ಲಿ ಹರಿದು ಬರುವ ಮುನ್ನ ಇದು ಮಳೆಯನ್ನೇ ನಂಬಿದ ರಾಗಿಯ ಸೀಮೆ.

ಅಂದು ರಾಗಿಯೇ ರೈತನ ಇಡುಗಂಟು. ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡದು. ಬರಗಾಲದಲ್ಲಿ ಊರನ್ನು ಕಾಯುತ್ತಿದ್ದುದು ಅದೇ. ಆದರೂ ಹಬ್ಬದ ಎಲೆಯಲ್ಲಿ ಅಗ್ರಮರ್ಯಾದೆ ಅನ್ನಕ್ಕೆ; ಮುದ್ದೆ ದುಡಿಯುವವರ ಊಟವೆನಿಸಿತ್ತು.

ನಾಲೆಯ ನೀರು ಬಂದಿತು. 1933ರಲ್ಲಿ ಸಕ್ಕರೆ ಕಂಪೆನಿಯೂ ಸ್ಥಾಪಿತವಾಯಿತು. ಕೈಯಲ್ಲಿ ಕಾಸು ಓಡಾಡಿತು, ಅನ್ನವು ನಿತ್ಯದ ಊಟವಾಯಿತು, ರಾಗಿ ಹಿಂದೆ ಸರಿಯಿತು. ಆದರೆ ಅದೇ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನು ಈ ನೆಲದ ರಾಗಿಯೊಡನೆ ಕೂಡಿಸಿ, ಅಧಿಕ ಇಳುವರಿಯ ‘ಇಂಡಾಫ್’ ತಳಿಗಳನ್ನು ರೈತರ ಕೈಗಿತ್ತರು.

ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಬಿಳಿಯ ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಬಡವರ ಧಾನ್ಯವನ್ನು ಇಂದು ಪಟ್ಟಣದ ಸಿರಿವಂತರು ವೈದ್ಯರ ಮಾತಿನಂತೆ ಕೊಂಡು ಉಣ್ಣುತ್ತಾರೆ. ಕಟ್ಟೆ ತುಂಬದ ವರ್ಷ, ನಾಲೆಯ ಕೊನೆಯ ರೈತನು ಮಾತ್ರ ಯಾರೂ ಹೇಳದೆಯೇ ರಾಗಿಯನ್ನು ನೆನೆಯುತ್ತಾನೆ.