ಮೀನಿಲ್ಲದ ತೊಟ್ಟಿ

ನಮ್ಮ ನಡುಮನೆಯಲ್ಲಿ ಹಿಂದೆ ರೇಡಿಯೋ ಇದ್ದು, ಆಮೇಲೆ ಟೆಲಿವಿಷನ್ ಬಂದು, ಅದೂ ಗೋಡೆಯನ್ನೇರಿದ ತರುವಾಯ ಅನಾಥವಾಗಿದ್ದ ತೇಗದ ಮೇಜಿನ ಮೇಲೆ ಈಗ ಗಾಜಿನ ತೊಟ್ಟಿಯೊಂದು ವಿರಾಜಿಸುತ್ತಿದೆ. ತಳದಲ್ಲಿ ತಿಳಿಯಾಗುವವರೆಗೂ ತೊಳೆದ ಮರಳು, ಹೊಳೆಯ ನುಣುಪುಗಲ್ಲುಗಳು, ಮೂಲೆಯಲ್ಲಿ ಅಹೋರಾತ್ರಿ ಗುಳುಗುಳಿಸುವ ಫಿಲ್ಟರು, ನೆತ್ತಿಯ ಮೇಲೊಂದು ದೀಪ. ಸಮಸ್ತ ವೈಭವವೂ ಉಂಟು, ಮೀನು ಮಾತ್ರ ಇಲ್ಲ. ಬಂದ ನೆಂಟರು ತೊಟ್ಟಿಗೆ ಒಂದು ಸುತ್ತು ಬಂದು, ಕಲ್ಲುಗಳ ಹಿಂದೆಲ್ಲ ಇಣುಕಿ, ಕೊನೆಗೆ ಮರ್ಯಾದೆ ಮೀರದ ದನಿಯಲ್ಲಿ "ಮೀನು ಯಾವಾಗ ತರ್ತೀರಿ?" ಎಂದು ಕೇಳುತ್ತಾರೆ. ಉತ್ತರ ಹೇಳುವ ಹೊಣೆಯನ್ನು ಮೊಮ್ಮಗ ವಹಿಸಿಕೊಂಡಿದ್ದಾನೆ. "ತಾತ ಇನ್ನೂ ನೈಟ್ರೈಟ್ ಇಳಿಸ್ತಾ ಇದಾರೆ" ಎಂದು ಅವನು ಗಂಭೀರವಾಗಿ ಹೇಳುವಾಗ, ರಕ್ತದೊತ್ತಡವೋ ಸಕ್ಕರೆಯೋ ಅಂಥದೇ ಮತ್ತೊಂದು ವ್ಯಾಧಿ ನನಗೆ ತಗುಲಿದೆಯೆಂದು ಭಾವಿಸಿ ಮರುಕಪಟ್ಟು ಹೋದವರೂ ಇದ್ದಾರೆ.

ತೊಟ್ಟಿಯನ್ನು ಮಾರಿದ ಅಂಗಡಿಯವನು ಇಷ್ಟು ಕಾಯಬೇಕೆಂದು ಹೇಳಿರಲಿಲ್ಲ. "ಇವತ್ತು ನೀರು ತುಂಬ್ಸಿ, ನಾಳೆ ಮೀನು ಬಿಡಿ ಸಾರ್" ಎಂಬುದು ಅವನ ಶಾಸ್ತ್ರ. ಆದರೆ ಮೀನು ತನ್ನ ಮೈಯ ಕಲ್ಮಷದ ಬಹುಭಾಗವನ್ನು ಕಿವಿರುಗಳ ಮೂಲಕ ಅಮೋನಿಯದ ರೂಪದಲ್ಲಿ ನೀರಿಗೆ ಬಿಡುತ್ತದೆ. ಹೊಳೆಯಲ್ಲಾದರೆ ಹರಿದು ಹೋಗುವ ಈ ವಿಷವು ಮುಚ್ಚಿದ ಗಾಜಿನೊಳಗೆ ಶೇಖರಗೊಂಡು, ಬಿಟ್ಟ ಮೀನನ್ನೇ ಬಲಿ ತೆಗೆದುಕೊಳ್ಳುತ್ತದೆ. ಅದನ್ನು ಆಹಾರವಾಗಿ ಸ್ವೀಕರಿಸುವ ಬ್ಯಾಕ್ಟೀರಿಯಗಳು ಉಂಟು. ಒಂದು ವರ್ಗವು ಅಮೋನಿಯವನ್ನು ನೈಟ್ರೈಟಾಗಿಯೂ, ಇನ್ನೊಂದು ವರ್ಗವು ಆ ನೈಟ್ರೈಟನ್ನು ಬಹುಮಟ್ಟಿಗೆ ನಿರಪಾಯಕರವಾದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಮದುವೆಯ ಮನೆಯಲ್ಲಿ ಮೊದಲನೆಯ ಪಂಕ್ತಿ ಏಳುವವರೆಗೂ ಎರಡನೆಯ ಪಂಕ್ತಿಯವರು ಕಂಬಕ್ಕೊರಗಿ ಕಾಯಬೇಕಾದಂತೆ, ಈ ಎರಡನೆಯ ವರ್ಗಕ್ಕೆ ಮೊದಲನೆಯದು ಉಂಡೆದ್ದ ಹೊರತು ಊಟವಿಲ್ಲ. ಸಾಲದೆಂಬಂತೆ ಅದು ವೃದ್ಧಿಯಾಗುವುದೂ ನಿಧಾನ. ಈ ಅಂತರದಲ್ಲಿಯೇ ನೈಟ್ರೈಟು ರಾಶಿ ಬೀಳುವುದು.

ನೈಟ್ರೈಟಿನ ಕೇಡು ಬಹು ಕುಟಿಲವಾದುದು. ಮೀನಿನ ಕಿವಿರು ನೀರಿನಿಂದ ಕ್ಲೋರೈಡನ್ನು ಹೀರಿಕೊಳ್ಳುವ ಬಾಗಿಲಿನಿಂದಲೇ ಅದೂ ಒಳನುಗ್ಗಿ, ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದ ಮತ್ತೊಂದು ರೂಪಕ್ಕೆ ತಿರುಗಿಸಿಬಿಡುತ್ತದೆ. ರಕ್ತವು ಕಂದುಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಆಮ್ಲಜನಕ ಸಮೃದ್ಧವಾಗಿದ್ದರೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಅನುಭವಸ್ಥರು ಇಂಥ ವೇಳೆಯಲ್ಲಿ ನೀರಿಗೆ ಒಂದಿಷ್ಟು ಉಪ್ಪು ಬೆರೆಸುವುದುಂಟು. ಉಪ್ಪಿನ ಕ್ಲೋರೈಡು ಅದೇ ಬಾಗಿಲಿಗೆ ಮುತ್ತಿಕೊಂಡು ನೈಟ್ರೈಟಿಗೆ ಎಡೆಗೊಡದಿರುವುದರಿಂದ ಮೀನು ಬದುಕಿಕೊಳ್ಳುತ್ತದೆ. ನನ್ನ ತೊಟ್ಟಿಯಲ್ಲಿ ಉಳಿಸಬೇಕಾದ ಜೀವವೇ ಇಲ್ಲದ್ದರಿಂದ, ಅಮೋನಿಯವನ್ನೇ ಹನಿಹನಿಯಾಗಿ ಉಣಿಸುತ್ತ ಬರಿಯ ನೀರನ್ನು ಸಾಕುತ್ತಿದ್ದ ನನಗೆ, ಉಪ್ಪಿನ ಡಬ್ಬಕ್ಕೆ ಕೈಹಾಕುವ ಪ್ರಸಂಗ ಬರಲಿಲ್ಲ.

ನೈಟ್ರೈಟನ್ನು ಅಳೆಯುವ ಪರೀಕ್ಷೆಯ ವಿಧಿ ಸಂಧ್ಯಾವಂದನೆಯಷ್ಟೇ ನಿಯತವಾದುದು. ಗೆರೆಯವರೆಗೆ ನೀರು ತುಂಬಿದ ಗಾಜಿನ ಕೊಳವೆಗೆ ಸೀಸೆಯಿಂದ ಎಣಿಸಿ ಹನಿ ಬಿಟ್ಟು, ಮುಚ್ಚಳ ಬಿಗಿದು ಕುಲುಕಿ, ಐದು ನಿಮಿಷ ಕಾಯ್ದು, ಬಿಳಿಯ ಕಾಗದದೆದುರು ಹಿಡಿದು ಬಣ್ಣದ ಪಟ್ಟಿಯೊಡನೆ ಹೋಲಿಸಬೇಕು. ತಿಳಿನೀಲಿಯಾದರೆ ಕ್ಷೇಮ, ನೇರಿಳೆಯತ್ತ ತಿರುಗಿದಷ್ಟೂ ಕಷ್ಟ. ಹನಿ ಬಿದ್ದಲ್ಲಿಂದ ಬಣ್ಣವು ಎಳೆಎಳೆಯಾಗಿ ಕೆಳಗಿಳಿದು ಹರಡುವುದನ್ನು ನೋಡುತ್ತಿದ್ದರೆ, ಅದು ವಿಷದ ಸೂಚನೆಯೆಂಬುದೂ ಕ್ಷಣಕಾಲ ಮರೆತುಹೋಗುತ್ತದೆ. ಈ ವರ್ಣವಿದ್ಯೆಯ ಮೂಲಪುರುಷನು ಪೀಟರ್ ಗ್ರೀಸ್. ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಬರ್ಟನ್ ಎಂಬ ಊರಿನಲ್ಲಿ ಬಿಯರು ತಯಾರಿಸುವ ಕಾರ್ಖಾನೆಯ ರಸಾಯನಜ್ಞನಾಗಿದ್ದ ಈತನು ೧೮೭೯ರಲ್ಲಿ ಪ್ರಕಟಿಸಿದ ಕ್ರಮವೇ ಇಂದಿಗೂ ಇಂಥ ಸೀಸೆಗಳ ತಳಹದಿ. ಬಟ್ಟೆಗಳಿಗೆ ರಂಗು ಕೊಡುವ ಆಜೋ ಬಣ್ಣಗಳ ಕುಲಕ್ಕೇ ಸೇರಿದ ಬಣ್ಣವೊಂದು ಕೊಳವೆಯಲ್ಲಿ ಹುಟ್ಟುತ್ತದೆ.

ನನ್ನ ಕೊಳವೆಯಲ್ಲಿ ಹುಟ್ಟಿದ ನೇರಿಳೆಗೆ ಪಟ್ಟಿಯಲ್ಲಿ ಜೋಡಿಯೇ ಸಿಗಲಿಲ್ಲ. ಪಟ್ಟಿಯ ಕಟ್ಟಕಡೆಯ ಬಣ್ಣವನ್ನು ಮೀರಿದಲ್ಲಿ ಐದೂ ಒಂದೇ, ಐವತ್ತೂ ಒಂದೇ. ಆದುದರಿಂದ ತೊಟ್ಟಿಯ ನೀರು ಒಂದು ಪಾಲಿಗೆ ಬಟ್ಟಿಯಿಳಿಸಿದ ನೀರು ಒಂಬತ್ತು ಪಾಲು ಬೆರೆಸಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿದಾಗಲೇ ನಿಜಸ್ಥಿತಿ ತಿಳಿಯುವುದು. ತಿಳಿದ ಮೇಲೆ ಅಮೋನಿಯದ ಉಪಚಾರವನ್ನು ನಿಲ್ಲಿಸಿ, ಅರ್ಧ ನೀರನ್ನು ಚೆಲ್ಲಿ ಹೊಸ ನೀರು ತುಂಬಿದೆ. ಹಾಗೆ ಮಾಡಿದರೆ ಬ್ಯಾಕ್ಟೀರಿಯವೆಲ್ಲ ಕೊಚ್ಚಿಹೋಗುವುದೆಂದು ಹೆದರುವವರುಂಟು. ಆದರೆ ಅವುಗಳ ವಾಸವು ನೀರಿನಲ್ಲಿರುವುದಕ್ಕಿಂತ ಬಹುಪಾಲು ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ, ಕಲ್ಲಿನ ಮೈಯಲ್ಲಿ. ಅವಕ್ಕೆ ನಿಜವಾದ ಶತ್ರು ನಲ್ಲಿಯ ನೀರಿನ ಕ್ಲೋರಿನ್. ಅದನ್ನು ಮೊದಲೇ ಶಮನಗೊಳಿಸದೆ ಸುರಿಯಲಾಗದು. ಇದಲ್ಲದೆ, ಈ ಜೀವಿಗಳು ತಮ್ಮ ದುಡಿಮೆಯಲ್ಲಿ ನೀರಿನ ಕ್ಷಾರಶಕ್ತಿಯನ್ನು ಸವೆಸುತ್ತ ಹೋಗುತ್ತವೆ. ಮೃದುವಾದ ನೀರಿನಲ್ಲಿ ಅದು ತೀರಿ ನೀರು ಆಮ್ಲೀಯವಾದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅಡಿಗೆಮನೆಯ ಸೋಡಾ ಒಂದು ಚಿಟಿಕೆ ಇದಕ್ಕೆ ಮದ್ದು. ಉಳಿದುದೆಲ್ಲ ಕಾಲನ ಕೈಯಲ್ಲಿ; ನಾಲ್ಕರಿಂದ ಆರು ವಾರವೆಂದು ಬಲ್ಲವರು ಹೇಳುತ್ತಾರೆ.

ಕಾಯುವವನಿಗೆ ಓದು ಸಹಾಯ. ಹಾಗೆ ಓದುತ್ತಿದ್ದಾಗ ದೊರಕಿದ ತಂದೆಮಕ್ಕಳ ವೃತ್ತಾಂತವೊಂದು ನನ್ನನ್ನು ಬಿಡದೆ ಹಿಡಿದುಕೊಂಡಿದೆ. ಲಂಡನ್ನಿನ ಔಷಧಕಾರರ ಸಂಘದಲ್ಲಿ ರಸಾಯನಜ್ಞನಾಗಿದ್ದ ರಾಬರ್ಟ್ ವಾರಿಂಗ್ಟನ್ ೧೮೪೯ರಲ್ಲಿ ಹನ್ನೆರಡು ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಮರಳು, ಕಲ್ಲು, ವ್ಯಾಲಿಸ್ನೇರಿಯ ಎಂಬ ಜಲಸಸ್ಯ, ಎರಡು ಚಿನ್ನದ ಮೀನುಗಳನ್ನಿಟ್ಟನು. ಎಲೆಗಳು ಕೊಳೆತು ನೀರು ಕದಡಲು, ಕೊಳೆತುದನ್ನು ತಿನ್ನುವ ಬಸವನಹುಳುಗಳನ್ನು ಬಿಟ್ಟನು, ನೀರು ತಿಳಿಯಾಯಿತು. ಮೀನು, ಗಿಡ, ಹುಳು ಈ ಮೂರರ ಪರಸ್ಪರೋಪಕಾರದಿಂದ ನೀರು ಬದಲಿಸದೆಯೇ ಜೀವನ ಸಾಗುವುದೆಂದು ೧೮೫೦ರಲ್ಲಿ ಕೆಮಿಕಲ್ ಸೊಸೈಟಿಯ ಮುಂದೆ ಲೆಕ್ಕವೊಪ್ಪಿಸಿದನು. ಲೆಕ್ಕವೇನೋ ಅಂದವಾಗಿತ್ತು, ದುಡಿಯುವವರಲ್ಲಿ ಕಣ್ಣಿಗೆ ಕಾಣದ ಬಹುಸಂಖ್ಯಾತರ ಹೆಸರು ಮಾತ್ರ ಅದರಲ್ಲಿರಲಿಲ್ಲ. ಆಗ ಹನ್ನೊಂದರ ಆಸುಪಾಸಿನ ಹುಡುಗನಾಗಿದ್ದ ಅವನ ಮಗ, ತಂದೆಯ ಹೆಸರನ್ನೇ ಹೊತ್ತವನು, ತಂದೆಯ ಪ್ರಯೋಗಾಲಯದಲ್ಲಿಯೇ ರಸಾಯನಶಾಸ್ತ್ರ ಕಲಿತು, ರಾಥಮ್‌ಸ್ಟೆಡ್ಡಿನ ಕೃಷಿಸಂಶೋಧನ ಕ್ಷೇತ್ರವನ್ನು ಸೇರಿದನು.

ಅಲ್ಲಿಯವರೆಗೆ ಹೊಲದ ಮಣ್ಣಿನಲ್ಲಿ ನೈಟ್ರೇಟು ಹೇಗೆ ಹುಟ್ಟುತ್ತದೆಂಬುದು ವಿವಾದದಲ್ಲಿತ್ತು. ಹಳೆಯ ಮಣ್ಣುಗೋಡೆಗಳ ಬುಡದಲ್ಲಿ, ಕೊಟ್ಟಿಗೆಯ ಮಗ್ಗುಲಲ್ಲಿ ಬೆಳ್ಳಗೆ ಹೂತು ನಿಲ್ಲುವ, ಆ ನೈಟ್ರೇಟಿನದೇ ರೂಪವಾದ ಪೆಟ್ಲುಪ್ಪನ್ನು ನಮ್ಮವರೂ ಬಲ್ಲರು. ಬಿಹಾರದಿಂದ ಅದನ್ನು ಹಡಗುಗಳಲ್ಲಿ ಹೇರಿಕೊಂಡು ಹೋಗಿ ಯೂರೋಪಿನವರು ಕೋವಿಮದ್ದು ಮಾಡಿದರು. ಅಷ್ಟು ಯುದ್ಧಗಳಾದರೂ ಅದನ್ನು ಮಾಡುವ ಕೈ ಯಾವುದೆಂದು ತಿಳಿದಿರಲಿಲ್ಲ. ೧೮೭೭ರಲ್ಲಿ ಫ್ರಾನ್ಸಿನ ಷ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬವರು ಮರಳು ಸುಣ್ಣಕಲ್ಲು ತುಂಬಿದ ಕೊಳವೆಯ ಮೂಲಕ ಚರಂಡಿಯ ನೀರನ್ನು ನಿಧಾನವಾಗಿ ಇಳಿಸಿದರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ನೈಟ್ರೇಟು ಬರತೊಡಗಿತು. ಕ್ಲೋರೋಫಾರಮ್ಮಿನ ಆವಿ ಹಾಯಿಸಲು ನಿಂತೇಹೋಯಿತು. ಇದು ಜೀವಿಗಳ ಕೆಲಸವೆಂಬುದು ಖಚಿತವಾಯಿತು. ಆ ಇಪ್ಪತ್ತು ದಿನಗಳ ಮೌನವನ್ನು ಓದಿದಾಗ ನನಗೆ ಎಷ್ಟು ಸಮಾಧಾನವಾಯಿತೆಂಬುದನ್ನು ತೊಟ್ಟಿಯಿಟ್ಟವರೇ ಬಲ್ಲರು.

ಮಗ ವಾರಿಂಗ್ಟನ್ ಈ ಜಾಡನ್ನೇ ಹಿಡಿದು, ಕೆಲಸವು ಎರಡು ಹಂತದ್ದೆಂದೂ, ನಡುವೆ ನೈಟ್ರೈಟು ಬರುವುದೆಂದೂ, ಎರಡಕ್ಕೂ ಬೇರೆ ಬೇರೆ ಜೀವಿಗಳೆಂದೂ ವರ್ಷಗಟ್ಟಲೆ ದುಡಿದು ಕಂಡುಕೊಂಡನು. ಆದರೆ ಅವನ್ನು ಪ್ರತ್ಯೇಕಿಸಿ ತೆಗೆಯುವ ಭಾಗ್ಯ ಅವನದಾಗಲಿಲ್ಲ. ಅದು ಜ್ಯೂರಿಕ್ಕಿನಲ್ಲಿದ್ದ ರಷ್ಯದ ವಿನೋಗ್ರಾಡ್ಸ್ಕಿಗೆ ೧೮೯೦ರಲ್ಲಿ ಒದಗಿತು. ಎಲ್ಲರೂ ಪುಷ್ಟಿಕರವಾದ ಜೆಲಾಟಿನ್ನನ್ನು ಉಣಬಡಿಸುತ್ತಿದ್ದಾಗ, ಈ ಜೀವಿಗಳು ಅಂಥ ಭೋಜನವನ್ನು ಮುಟ್ಟವೆಂದು ಅರಿತು ಬರಿಯ ಲವಣಗಳ ನೀರನ್ನು ಕೊಟ್ಟವನು ಆತನೇ. ಅಲ್ಲಿಂದ ಮುಂದೆ ನೈಟ್ರೈಟನ್ನು ತಿನ್ನುವುದು ನೈಟ್ರೋಬ್ಯಾಕ್ಟರ್ ಎಂದು ಪುಸ್ತಕಗಳು ಶತಮಾನಕಾಲ ಪಾಠ ಒಪ್ಪಿಸಿದವು. ೧೯೯೮ರಲ್ಲಿ ಸಿಹಿನೀರಿನ ತೊಟ್ಟಿಗಳನ್ನೇ ಪರೀಕ್ಷಿಸಿದವರಿಗೆ ಕಂಡದ್ದು ನೈಟ್ರೋಸ್ಪೈರಾ. ಆ ಕುಲದಲ್ಲಿಯೇ ಎರಡೂ ಹಂತವನ್ನು ಒಂಟಿಯಾಗಿ ಪೂರೈಸುವವು ಉಂಟೆಂದು ೨೦೧೫ರಲ್ಲಿ ತಿಳಿಯಿತು. ವಾರಿಂಗ್ಟನ್ನನ ಪುಣ್ಯ, ಅವು ಅವನ ಕೈಗೆ ಸಿಕ್ಕಲಿಲ್ಲ. ಸಿಕ್ಕಿದ್ದರೆ ಲೆಕ್ಕವೆಲ್ಲ ಕಲಸಿಹೋಗುತ್ತಿತ್ತು.

ಈಚೆಗೆ ಕೊಳವೆಯ ನೇರಿಳೆ ದಿನೇದಿನೇ ತೆಳುವಾಗುತ್ತಿದೆ. ಇನ್ನೊಂದು ಸೀಸೆಯ ಪರೀಕ್ಷೆಯಲ್ಲಿ ನೈಟ್ರೇಟಿನ ಕಿತ್ತಳೆಬಣ್ಣ ಏರುತ್ತಿದೆ. ಈ ನೈಟ್ರೇಟು ಗಿಡಗಳಿಗೆ ಮೃಷ್ಟಾನ್ನವೆಂಬ ಮಾತನ್ನು ಒಮ್ಮೆ ಊಟದ ಹೊತ್ತಿನಲ್ಲಿ ಆಡಿದ್ದೆನಷ್ಟೆ. ಅಂದಿನಿಂದ ತೊಟ್ಟಿಯಿಂದ ತೆಗೆದ ನೀರು ಬಚ್ಚಲಿಗೆ ಹೋದದ್ದಿಲ್ಲ. ಮನೆಯಾಕೆ ಬಕೆಟ್ಟಿನೊಡನೆ ಸಿದ್ಧಳಾಗಿ ನಿಂತು, ಹಿತ್ತಿಲ ಕರಿಬೇವಿಗೂ ದುಂಡುಮಲ್ಲಿಗೆಗೂ ಹಂಚಿ ಸುರಿಯುತ್ತಾಳೆ. ಕರಿಬೇವು ಚಿಗುರಿದೆ. ಮೀನು ತರುವ ವಿಚಾರದಲ್ಲಿ ಮೊಮ್ಮಗನಿಗೆ ಇರುವ ಆತುರ ಆಕೆಗೆ ಎಳ್ಳಷ್ಟೂ ಇಲ್ಲ.